ಬಿಳಿಯೋ ಹಳದಿಯೋ ಬಿಡಿ, ಸಿಆರ್‌ಐ ಎಷ್ಟು ಅಂತ ಕೇಳಿ

ನಮಸ್ಕಾರ. ಇವತ್ತು ಡ್ರಿಲ್ ಬಿಟ್ ಸಾಣೆ ಹಿಡಿಯುವ ವಿಡಿಯೋ ಬರಬೇಕಿತ್ತು. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ, ಹೋದ ವಿಡಿಯೋಗೆ ಬಂದ ಒಂದು ಕಾಮೆಂಟ್. "ಮನೆ ವರ್ಕ್‌ಶಾಪ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದ್ಯಾಕೆ ಗುರು? ಸುಮ್ನೆ 6500 ಕೆಲ್ವಿನ್ ಬಲ್ಬ್ ಹಾಕು, ಸೇಮ್ ಹಗಲು." ಅದಕ್ಕೆ ಲೈಕ್ ಬೇರೆ! ನನ್ನ ವಿಡಿಯೋಗಿಂತ ಜಾಸ್ತಿ.

ಸೇಮ್ ಹಗಲಂತೆ.

ಕೆಲ್ವಿನ್ ಹೇಳುವುದು ಒಂದೇ ವಿಷಯ. ಬೆಳಕು ಹಳದಿ ಕಡೆಗೆ ವಾಲಿದೆಯೋ, ನೀಲಿ ಕಡೆಗೋ ಅಂತ. 2700 ಅಂದರೆ ಹಳೇ ತಂತಿ ಬಲ್ಬಿನ ಹಳದಿ. 6500 ಅಂದರೆ ನೀಲಿ ಛಾಯೆಯ ಬಿಳಿ. 4000 ನಡುವಿನದು. ಎಷ್ಟು ಬೆಳಕು ಅನ್ನುವುದು ಲ್ಯೂಮೆನ್. ಆ ಬೆಳಕಿನಲ್ಲಿ ಬಣ್ಣ ಬಣ್ಣದ ಹಾಗೆ ಕಾಣುತ್ತದಾ ಅನ್ನುವುದು ಸಿಆರ್‌ಐ, ನೂರಕ್ಕೆ ಎಷ್ಟು ಅನ್ನುವ ಅಂಕಿ. ಡಬ್ಬಿಯ ಮೇಲೆ ಮೊದಲ ಎರಡು ದಪ್ಪಕ್ಷರದಲ್ಲಿ ಇರುತ್ತವೆ. ಮೂರನೆಯದು ಎಷ್ಟೋ ಸಲ ಇರುವುದೇ ಇಲ್ಲ. ಯಾಕಿಲ್ಲ ಅಂತ ನೀವೇ ಯೋಚಿಸಿ.

ವರ್ಕ್‌ಶಾಪ್‌ಗೆ ಸಿಆರ್‌ಐ 90ಕ್ಕಿಂತ ಕಡಿಮೆಯ ಬಲ್ಬ್ ತರಬೇಡಿ. ಇವತ್ತಿನ ವಿಡಿಯೋ ಇಷ್ಟೇ. ಅವಸರ ಇದ್ದವರು ಸಬ್‌ಸ್ಕ್ರೈಬ್ ಒತ್ತಿ ಹೊರಡಬಹುದು.

ಇನ್ನೂ ಇದ್ದೀರಾ? ಸಂತೋಷ. ಬಿಳಿ ಎಲ್‌ಇಡಿ ಬಲ್ಬ್ ಬಿಚ್ಚಿದರೆ ಒಳಗಿರುವುದು ಸಾಮಾನ್ಯವಾಗಿ ನೀಲಿ ಎಲ್‌ಇಡಿ, ಮೇಲೆ ಹಳದಿ ಫಾಸ್ಫರ್‌ನ ಲೇಪ. ಸ್ವಲ್ಪ ನೀಲಿ ಹಾಗೇ ಹೊರಗೆ ಬರುತ್ತದೆ. ಉಳಿದದ್ದನ್ನು ಫಾಸ್ಫರ್ ಹೀರಿ ಹಳದಿ ಮಾಡಿ ಬಿಡುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ. ಅಗ್ಗದ ಬಲ್ಬಿನಲ್ಲಿ ಕೆಂಪು ತೀರಾ ಕಡಿಮೆ. ಬೆಳಕಿನಲ್ಲೇ ಕೆಂಪಿಲ್ಲ ಅಂದಮೇಲೆ ಸಾಮಾನಿನ ಮೇಲೆ ಎಲ್ಲಿಂದ ಕಾಣಬೇಕು?

ಒಂದು ರೆಸಿಸ್ಟರ್ ಕೈಗೆ ತಗೊಳ್ಳಿ, ಅದೇ, ಸರ್ಕ್ಯೂಟ್‌ನಲ್ಲಿ ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ. ಎಷ್ಟು ತಡೆಯುತ್ತದೆ ಅನ್ನುವುದನ್ನು ಮೈಮೇಲಿನ ಬಣ್ಣದ ಪಟ್ಟಿ ನೋಡಿಯೇ ತಿಳಿಯಬೇಕು. ಕಂದು, ಕಪ್ಪು, ಕೆಂಪು ಪಟ್ಟಿ ಇದ್ದರೆ ಒಂದು ಕಿಲೋ ಓಮ್. ಕಂದು, ಕಪ್ಪು, ಕಿತ್ತಳೆ ಇದ್ದರೆ ಹತ್ತು ಕಿಲೋ ಓಮ್. ಆ ಮೂರನೇ ಪಟ್ಟಿ ಇರುವುದೇ ಇಷ್ಟಗಲ. ಕೆಟ್ಟ ಬೆಳಕಿನಲ್ಲಿ ಅದು ಕೆಂಪೋ ಕಿತ್ತಳೆಯೋ, ದೇವರೇ ಬಲ್ಲ. ಹತ್ತು ಪಟ್ಟು ವ್ಯತ್ಯಾಸ! ತಿರುಗಿಸಿ ನೋಡುತ್ತೀರಿ, ಕನ್ನಡಕ ಒರೆಸುತ್ತೀರಿ, ವಯಸ್ಸಾಯಿತು ಅಂತ ನಿಟ್ಟುಸಿರು ಬಿಡುತ್ತೀರಿ. ವಯಸ್ಸಲ್ಲ ಸ್ವಾಮಿ, ಬಲ್ಬು.

"80 ಇದೆಯಲ್ಲ, ಸಾಕಲ್ವಾ?" ಸಾಲದು. ಆ ಅಂಕಿ ಬರುವುದು ಎಂಟು ಮಾಸಲು ಬಣ್ಣಗಳ ಸರಾಸರಿಯಿಂದ. ಗಾಢ ಕೆಂಪು ಒಂಬತ್ತನೆಯದು, ಆರ್9 ಅನ್ನುತ್ತಾರೆ. ಅದನ್ನು ಸರಾಸರಿಗೆ ಸೇರಿಸುವುದೇ ಇಲ್ಲ! 80ರ ಬಲ್ಬಿನಲ್ಲಿ ಆರ್9 ಸೊನ್ನೆಯ ಆಸುಪಾಸಿನಲ್ಲೇ ಇರಬಹುದು. ಕಷ್ಟದ ಸಬ್ಜೆಕ್ಟ್ ಬಿಟ್ಟು ಉಳಿದದ್ದರಲ್ಲಿ ಫಸ್ಟ್ ಕ್ಲಾಸ್ ಅಂದ ಹಾಗಾಯಿತು.

ಮರದ ಕೆಲಸದವರು "ನಮಗ್ಯಾಕೆ ರೆಸಿಸ್ಟರ್ ಕಥೆ" ಅನ್ನಬೇಡಿ. ಮರದಲ್ಲಿ ಕೆಂಪು, ಕಂದು ಬಿಟ್ಟರೆ ಇನ್ನೇನಿದೆ? ಮೊಳೆ ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಸ್ಟೇನ್ ಹಚ್ಚುತ್ತೀರಿ. ಬೆಂಚಿನ ಮೇಲೆ ಗುರುತೇ ಸಿಗುವುದಿಲ್ಲ. ಅದೇ ಹಲಗೆಯನ್ನು ಕಿಟಕಿ ಹತ್ತಿರ ಒಯ್ಯಿರಿ. ಪುಟ್ಟಿ ಹಾಕಿದ ಕಡೆಯೆಲ್ಲ ಚುಕ್ಕಿ ಚುಕ್ಕಿ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣ ಇನ್ನೊಂದರಲ್ಲಿ ಬೇರೆ ಬೇರೆ ಆಗುತ್ತವೆ. ಮೆಟಾಮೆರಿಸಂ ಅಂತ ಇದಕ್ಕೆ ಹೆಸರೇ ಇದೆ. 90 ದಾಟಿದ ಬಲ್ಬಿನಲ್ಲಿ ಈ ಮೋಸ ಕಡಿಮೆ. ಆಮೇಲೂ ಬಣ್ಣ ಹಚ್ಚುವ ಮುಂಚೆ ತುಂಡು ಹಲಗೆಯನ್ನು ಮೇಜು ಕೂರುವ ಕೋಣೆಯಲ್ಲೇ ಒಮ್ಮೆ ನೋಡಿಬಿಡಿ.

"6500ರಲ್ಲಿ ಬೆಳಕು ಜಾಸ್ತಿ ಅಲ್ವಾ?" ಅದೇ ವ್ಯಾಟಿಗೆ ಚೂರು ಜಾಸ್ತಿ ಲ್ಯೂಮೆನ್ ಬರಬಹುದು. ಹಾಗಾದರೆ ಇನ್ನೊಂದು ಬಲ್ಬ್ ಹಾಕಿ! "90ರದ್ದು ದುಬಾರಿ." ವೈಸ್, ರೌಟರ್, ಲೇಸರ್ ಲೆವೆಲ್ ಎಲ್ಲ ತರುವಾಗ ಬಾಯಿ ಬಿಡದವರು ಬಲ್ಬಿನ ಹತ್ತಿರ ಬಂದು ಚೌಕಾಸಿ ಮಾಡುತ್ತಾರೆ. "ನೆರಳು ಬೀಳುತ್ತದಲ್ಲ?" ಬಲ್ಬನ್ನು ಬೆನ್ನ ಹಿಂದೆ ಹಾಕಿದರೆ ಬೀಳದೆ ಇರುತ್ತದಾ? ಬೆಂಚಿನ ಮೇಲಕ್ಕೆ ತನ್ನಿ, ಒಂದರ ಬದಲು ಉದ್ದನೆಯ ಎರಡು ಟ್ಯೂಬ್ ಹಾಕಿ. ಮುಗಿಯಿತು.

ಲೇತ್ ಇರುವವರಿಗೆ ಮಾತ್ರ ಒಂದು ಮಾತು. ಇದು ತಮಾಷೆಯಲ್ಲ. 50 ಹರ್ಟ್ಸ್ ಕರೆಂಟಿನಲ್ಲಿ ಕಳಪೆ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡುವ ಒಳಗಿನ ಸರ್ಕ್ಯೂಟ್) ಇರುವ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸಾಮಾನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್ 1500 ಆರ್‌ಪಿಎಂನಲ್ಲಿ ತಿರುಗಿದರೆ ಒಂದೊಂದು ಮಿನುಗಿಗೆ ಸರಿಯಾಗಿ ಕಾಲು ಸುತ್ತು, ಅಂದರೆ ಒಂದು ದವಡೆ ಇದ್ದ ಜಾಗಕ್ಕೆ ಇನ್ನೊಂದು. ನೋಡುವವರಿಗೆ ಚಕ್ ನಿಂತ ಹಾಗೇ ಕಾಣಬಹುದು. ನಿಂತಿದೆ ಅಂತ ಕೈ ಇಟ್ಟರೆ? ಫೋನಿನ ಸ್ಲೋ ಮೋಷನ್‌ನಲ್ಲಿ ಬಲ್ಬನ್ನು ಶೂಟ್ ಮಾಡಿ ನೋಡಿ. ಪಟಪಟ ಅಂದರೆ ಅದನ್ನು ಲೇತ್ ಹತ್ತಿರ ಇಡಲೇಬೇಡಿ.

ಸರಿ, ಎಲ್ಲಿದ್ದೆ? ಹಾಂ, 90. ಇಷ್ಟು ಹೇಳಿದ ಮೇಲೂ "ಬಿಳಿ ಒಳ್ಳೆಯದೋ ಹಳದಿಯೋ" ಅಂತ ಟೈಪ್ ಮಾಡುತ್ತಿದ್ದೀರಿ, ಗೊತ್ತು ನನಗೆ. 4000 ಹಾಕಿ. 5000 ಹಾಕಿ. 6500ಏ ಬೇಕು ಅಂತ ಹಟ ಇದ್ದರೆ ಅದನ್ನೇ ಹಾಕಿ, ನನ್ನದೇನು ಹೋಗುತ್ತದೆ? ಆದರೆ 90! ತೊಂಬತ್ತು! ಒಂಬತ್ತು, ಪಕ್ಕದಲ್ಲಿ ಸೊನ್ನೆ! ಯಾಕೆ ಅಂತ ಮತ್ತೆ ಕೇಳಬೇಡಿ. ನಾನು ಹೇಳಿದೆ, ಅದಕ್ಕೆ.

ಅಂದಹಾಗೆ ಚಾನೆಲ್ ಟೀ ಶರ್ಟ್ ಬಂದಿದೆ. ಎದೆ ಮೇಲೆ "ಸಿಆರ್‌ಐ 90" ಅಂತ ಗಾಢ ಕೆಂಪು ಅಕ್ಷರ. ಲಿಂಕ್ ಕೆಳಗಿದೆ. ನಿಮ್ಮ 80ರ ಬಲ್ಬಿನ ಕೆಳಗೆ ಬಿಚ್ಚಿ ನೋಡಿ, ಕಂದು ಬಣ್ಣದ್ದು ಬಂತು ಅಂತ ವಾಪಸ್ ಮಾತ್ರ ಕಳಿಸಬೇಡಿ.