ಗೊತ್ತಿರುವ ಪದದಿಂದ ಗೊತ್ತಿಲ್ಲದ ಪದಕ್ಕೆ

ಕೇಳುಗರೇ, ನಮಸ್ಕಾರ.

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ನೋಟ್‌ಬುಕ್ ತೆರೆದರೆ ಒಂದು ಪಟ್ಟಿ ಇದ್ದೇ ಇರುತ್ತದೆ. ಎಡಗಡೆ ಉದ್ದುದ್ದ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಬೆಳಿಗ್ಗೆ ಬಾಯಿಪಾಠ ಮಾಡುತ್ತಾರೆ, ಸಂಜೆಗೆ ಮರೆಯುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಂತೂ ನನ್ನ ತಲೆಗೆ ಇದು ಹತ್ತೋದಿಲ್ಲ ಅಂತ ಕೈಚೆಲ್ಲಿಬಿಡುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳು ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ನಿಮಗೆ ಈಗಾಗಲೇ ಎಷ್ಟು ಗೊತ್ತಿದೆ ನೋಡಿ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದರೆ ಏನಂತಾರೆ? ಮಾಲ್‌ಪ್ರಾಕ್ಟೀಸ್. ಮಗುವಿಗೆ ಸರಿಯಾದ ಆಹಾರ ಸಿಗದೆ ಸೊರಗಿದರೆ? ಮಾಲ್‌ನ್ಯೂಟ್ರಿಷನ್. ಎರಡರಲ್ಲೂ ಮುಂದಿರುವ 'ಮಾಲ್' ಲ್ಯಾಟಿನ್ ಮೂಲದ್ದು, ಕೆಟ್ಟದ್ದು ಅಂತ ಅರ್ಥ. ಮಲೇರಿಯಾ ಕೂಡ ಇದೇ ಮನೆತನದ್ದು. ಕೆಟ್ಟ ಗಾಳಿಯಿಂದ ಆ ಜ್ವರ ಬರುತ್ತದೆ ಅಂತ ನಂಬಿ ಇಟಲಿಯವರು ಇಟ್ಟ ಹೆಸರು ಅದು. 1897ರಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಆ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು, ಅದೂ ನಮಗೆ ಹತ್ತಿರದ ಸಿಕಂದರಾಬಾದಿನಲ್ಲಿ. ಹೆಸರು ಮಾತ್ರ ಹಾಗೇ ಉಳಿಯಿತು.

ಈಗ ಗ್ರಾಮ ಪಂಚಾಯಿತಿಗೆ ಬನ್ನಿ. ಮನೆ ಮಂಜೂರಾದವರನ್ನು ಅಲ್ಲಿ ಬೆನಿಫಿಷಿಯರಿ ಅನ್ನುತ್ತಾರೆ. 'ಬೆನೆ' ಅಂದರೆ ಒಳ್ಳೆಯದು. ಶರಣಬಸವೇಶ್ವರ ಜಾತ್ರೆಯಲ್ಲಿ ತಾವಾಗಿ ಬಂದು ನೀರು ಕೊಡುವ ಹುಡುಗರು ವಾಲಂಟಿಯರ್‌ಗಳು, ಅಲ್ವಾ? 'ವೊಲ್' ಅಂದರೆ ಬಯಸುವುದು. ಇವೆರಡನ್ನೂ ಕೂಡಿಸಿ. ಬೆನೆವೊಲೆಂಟ್, ಇನ್ನೊಬ್ಬರ ಒಳಿತು ಬಯಸುವವರು. 'ಬೆನೆ' ತೆಗೆದು 'ಮಾಲ್' ಇಡಿ. ಮಲೆವೊಲೆಂಟ್, ಕೇಡು ಬಯಸುವವರು. ದೊಡ್ಡ ಪರೀಕ್ಷೆಗಳ ಎರಡು ಪದ ಬಾಯಿಪಾಠವಿಲ್ಲದೆ ಬಂದವು! ಹಾಗಂತ 'ಮಾಲ್' ಕಂಡಲ್ಲೆಲ್ಲ ಇದೇ ಅರ್ಥ ಹಚ್ಚಬೇಡಿ. ಡಿಕ್ಷನರಿಯಲ್ಲಿ ಪದದ ಮೂಲ ಕೊಟ್ಟಿರುತ್ತಾರೆ, ಖಾತ್ರಿ ಮಾಡಿಕೊಳ್ಳಿ.

ಬರೀ ಅರ್ಥ ಗೊತ್ತಾದರೆ ಸಾಲದು. ನಟೋರಿಯಸ್ ಅಂದರೆ ಹೆಸರುವಾಸಿ ಅಂತ ಬರೆದಿಟ್ಟುಕೊಂಡವರು ಇದ್ದಾರೆ. ನಿಮ್ಮ ಪ್ರೀತಿಯ ಮಾಸ್ತರರನ್ನು ನಟೋರಿಯಸ್ ಅಂದರೆ ಅವರು ನೊಂದುಕೊಳ್ಳುತ್ತಾರೆ. ಅದು ಕೆಟ್ಟ ಹೆಸರು ಮಾಡಿದವರಿಗೆ ಹೇಳುವ ಮಾತು. ಅದಕ್ಕೇ ಹೊಸ ಪದ ಸಿಕ್ಕ ಕೂಡಲೇ ನಿಮ್ಮ ಓಣಿಯ ಬಗ್ಗೆ, ನಿಮ್ಮ ಹೊಲದ ಬಗ್ಗೆ ಒಂದು ಪೂರ್ತಿ ವಾಕ್ಯ ಬರೆಯಿರಿ. ಗೊತ್ತಿದ್ದವರಿಗೆ ತೋರಿಸಿ.

ಮರೆವಿನ ಬಗ್ಗೆಯೂ ಒಂದು ಮಾತು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪುಸ್ತಕ ಬರೆದರು. ಕಲಿತದ್ದರಲ್ಲಿ ಜಾಸ್ತಿ ಪಾಲು ಮೊದಲ ದಿನವೇ ಜಾರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ನಿಲ್ಲುತ್ತದೆ ಅಂತ ಕಂಡುಕೊಂಡರು. ಒಂದೇ ರಾತ್ರಿ ಕೂತು ಇಡೀ ಪಟ್ಟಿ ಉರು ಹೊಡೆಯುವುದು ಸುಮ್ನೆ ಶ್ರಮ.

ಬೀದರ್‌ನ ಎಷ್ಟೋ ಮಕ್ಕಳು ಕನ್ನಡ, ಉರ್ದು, ಮರಾಠಿ ಮೂರನ್ನೂ ಕೇಳುತ್ತಲೇ ಬೆಳೆಯುತ್ತಾರೆ. ಅಂಥ ಕಿವಿಗೆ ಇಂಗ್ಲಿಷಿನ ಪದ ಭಾರವಾಗಬೇಕಿಲ್ಲ. ಶಾಲೆಯಲ್ಲಿ ಡಿಕ್ಟೇಷನ್ ಬರೆದಿದ್ದೀರಿ. 'ಡಿಕ್ಟ್' ಅಂದರೆ ಹೇಳುವುದು. ಹಾಗಾದರೆ ಬೆನೆಡಿಕ್ಷನ್ ಅಂದರೆ ಏನಿರಬಹುದು? ಡಿಕ್ಷನರಿ ತೆಗೆಯುವ ಮೊದಲು ನೀವೇ ಹೇಳಿ ನೋಡಿ.

ನಮಸ್ಕಾರ.