ಗುಡ್ಡದ ಆಚೆಗೂ ಕೇಳಿಸಬೇಕು: ಬೆಟ್ಟದ ಬೇಟೆಗೆ ವಾಕಿಟಾಕಿ ಆರಿಸುವಾಗ

ಎಲ್ಲರಿಗೂ ನಮಸ್ಕಾರ. ನೀವೀಗ ನೋಡುತ್ತಿರುವುದು ಅಮೆರಿಕದ ಕೊಲೊರಾಡೊದಲ್ಲಿರುವ ಫ್ಲ್ಯಾಟ್ ಟಾಪ್ಸ್ ಬೆಟ್ಟಸಾಲು. ಹೆಸರಿಗೆ ತಕ್ಕಂತೆ ಮೇಲೆಲ್ಲ ಚಪ್ಪಟೆ. ಅಂಚಿಗೆ ಬಂದರೆ ಕಪ್ಪು ಲಾವಾ ಕಲ್ಲಿನ ಕಡಿದಾದ ಗೋಡೆ. ಅದರ ಕೆಳಗೆ ಸ್ಪ್ರೂಸ್ ಕಾಡು, ಆಸ್ಪೆನ್ ತೋಪು, ಆ ಕಡೆ ಟ್ರ್ಯಾಪರ್ಸ್ ಸರೋವರ. ಅಕ್ಟೋಬರ್ ಬಂದರೆ ನಾನು, ಭಾವ, ಪಕ್ಕದ ಮನೆಯವರು ಇಲ್ಲಿಗೆ ಎಲ್ಕ್ ಬೇಟೆಗೆ ಬರುತ್ತೇವೆ. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಕೊಲೊರಾಡೊದ ಅತಿ ದೊಡ್ಡ ಎಲ್ಕ್ ಹಿಂಡು ಇರುವುದೇ ಈ ಸುತ್ತಿನಲ್ಲಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬೇಟೆ ಅಂದರೆ ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದು, ಅವರು ಗೊತ್ತು ಮಾಡಿದ ದಿನಗಳಲ್ಲಿ, ಗೊತ್ತು ಮಾಡಿದ ಜಾಗದಲ್ಲಿ ಮಾಡುವಂಥದ್ದು. ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪ್ರಾಣಿಗಳ ಬೇಟೆಯನ್ನು ನಿಲ್ಲಿಸಿದೆ. ಅಲ್ಲಿ ಅದು ಹಾಗೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ವಿಷಯಕ್ಕೆ ಬರೋಣ. ಈ ಬೆಟ್ಟದಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಬೆಳಗ್ಗೆ ಕತ್ತಲಲ್ಲೇ ಮೂವರೂ ಮೂರು ದಿಕ್ಕಿಗೆ ಹೋಗಿರುತ್ತೇವೆ. ಮಧ್ಯಾಹ್ನ ಹಿಮ ಬಿದ್ದರೆ, ಒಬ್ಬರ ಕಾಲು ಉಳುಕಿದರೆ ಇನ್ನೊಬ್ಬರಿಗೆ ತಿಳಿಯುವುದು ಹೇಗೆ? ಅದಕ್ಕೇ ವಾಕಿಟಾಕಿ ಬೇಕು.

ಅಂಗಡಿಗೆ ಹೋದರೆ ಡಬ್ಬದ ಮೇಲೆ ದೊಡ್ಡದಾಗಿ 35 ಮೈಲಿ ಅಂತ ಬರೆದಿರುತ್ತದೆ. ಅಂದರೆ 56 ಕಿಲೋಮೀಟರ್. ಆ ಅಂಕಿಯನ್ನು ದಯವಿಟ್ಟು ನಂಬಬೇಡಿ. ಒಂದು ಶಿಖರದ ಮೇಲೆ ನಿಂತವರು ಇನ್ನೊಂದು ಶಿಖರದವರ ಜೊತೆ, ನಡುವೆ ಏನೂ ಅಡ್ಡವಿಲ್ಲದೆ ಮಾತಾಡಿದರೆ ಮಾತ್ರ ಅಷ್ಟು ದೂರ. ಈ ಸೆಟ್‌ಗಳ ಅಲೆ ಹೆಚ್ಚುಕಮ್ಮಿ ನೇರವಾಗಿ ಸಾಗುತ್ತದೆ. ಬಯಲಿನಲ್ಲಿ ಇಬ್ಬರು ನಿಂತು ಎದೆಯ ಮಟ್ಟದಲ್ಲಿ ಸೆಟ್ ಹಿಡಿದರೆ, ಭೂಮಿಯ ಬಾಗುವಿಕೆಯೇ ಸುಮಾರು 10 ಕಿಲೋಮೀಟರ್‌ಗೆ ದಾರಿ ಮುಚ್ಚುತ್ತದೆ. ಅದು ಲೆಕ್ಕದ ಮಾತು. ಮರ, ದಿಣ್ಣೆ ಸೇರಿದರೆ ಇನ್ನೂ ಕಡಿಮೆ. ಅದೇ ಮನುಷ್ಯ 300 ಮೀಟರ್ ಎತ್ತರದ ಅಂಚಿಗೆ ಹತ್ತಿದರೆ ಅಲೆಗೆ 70 ಕಿಲೋಮೀಟರ್‌ವರೆಗೂ ದಾರಿ ತೆರೆಯುತ್ತದೆ.

ಫ್ಲ್ಯಾಟ್ ಟಾಪ್ಸ್‌ನಲ್ಲಿ ಇದರ ವಿಚಿತ್ರ ನೋಡಬೇಕು. ಮೇಲಿನ ಅಂಚಿನಲ್ಲಿ ಕೂತ ಭಾವನ ದನಿ ಕಣಿವೆಯ ಆ ತುದಿಯಲ್ಲಿರುವವರಿಗೆ ಪಕ್ಕದಲ್ಲೇ ನಿಂತ ಹಾಗೆ ಕೇಳುತ್ತದೆ. ಭಾವನ ಕಾಲಡಿಯ ಬಂಡೆಗೋಡೆಗೆ ಅಂಟಿಕೊಂಡು ಕೆಳಗೆ ನಿಂತ ನನಗೆ ಬರೀ ಗರಗರ ಸದ್ದು. ಕಲ್ಲೊಂದು ಎಸೆದರೆ ನನ್ನ ಹತ್ತಿರ ಬಂದು ಬೀಳುತ್ತದೆ, ಮಾತು ಬರುವುದಿಲ್ಲ! ಹಾಗಾಗಿ ರೇಡಿಯೊ ಆರಿಸುವ ಮೊದಲು ನಕ್ಷೆ ಬಿಡಿಸಿ. ಯಾರು ಎಲ್ಲಿ ಇರುತ್ತಾರೆ, ನಡುವೆ ಯಾವ ಗುಡ್ಡ ಬರುತ್ತದೆ, ಅದನ್ನು ನೋಡಿ.

ವ್ಯಾಟ್ ಜಾಸ್ತಿ ಇದ್ದರೆ ಸಾಲದಾ ಅಂತ ಕೇಳುತ್ತಾರೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾಗಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. 2 ವ್ಯಾಟ್‌ನಿಂದ 5 ವ್ಯಾಟ್‌ಗೆ ಹೋದರೆ ದೂರ ಒಂದೂವರೆ ಪಟ್ಟಾಗಬಹುದು. ದಟ್ಟ ಮರಗಳ ನಡುವೆ ಅದು ಕೆಲಸಕ್ಕೆ ಬರುತ್ತದೆ. ಇಡೀ ಗುಡ್ಡವೇ ಅಡ್ಡ ಇದ್ದರೆ 5 ವ್ಯಾಟ್ ಕೂಡ ಅಲ್ಲೇ ನಿಲ್ಲುತ್ತದೆ. ಆಗ ನೂರು ಹೆಜ್ಜೆ ಮೇಲಕ್ಕೆ ಹತ್ತುವುದೇ ಒಳ್ಳೆಯದು.

ಅಮೆರಿಕದಲ್ಲಿ ಯಾವ ಸೆಟ್ ಬಳಸಬಹುದು ಅನ್ನುವುದನ್ನು ಅಲ್ಲಿನ ಸರ್ಕಾರದ ಸಂಪರ್ಕ ಆಯೋಗ ಎಫ್‌ಸಿಸಿ ನಿಗದಿ ಮಾಡುತ್ತದೆ. ಸುಲಭವಾದದ್ದು ಎಫ್‌ಆರ್‌ಎಸ್ ಅನ್ನುವ ವರ್ಗ. ಲೈಸೆನ್ಸ್ ಬೇಡ, 22 ಚಾನೆಲ್, ಹೆಚ್ಚೆಂದರೆ 2 ವ್ಯಾಟ್. ಆದರೆ ಆಂಟೆನಾ ಬಿಚ್ಚಿ ಬದಲಾಯಿಸುವಂತಿಲ್ಲ. ಇನ್ನೊಂದು ಜಿಎಂಆರ್‌ಎಸ್. ಚಾನೆಲ್‌ಗಳು ಅವೇ, ಆದರೆ ಕೈಯಲ್ಲಿ ಹಿಡಿಯುವ ಸೆಟ್‌ಗಳು ಸಾಮಾನ್ಯವಾಗಿ 5 ವ್ಯಾಟ್‌ವರೆಗೆ ಸಿಗುತ್ತವೆ. ಉದ್ದದ ಆಂಟೆನಾ ಹಾಕಬಹುದು. ಹತ್ತಿರದಲ್ಲಿ ರಿಪೀಟರ್ ಇದ್ದರೆ, ಅದರ ಮಾಲೀಕರು ಒಪ್ಪಿದರೆ, ಅದನ್ನೂ ಬಳಸಬಹುದು. ಬೆಟ್ಟದ ತಲೆಯ ಮೇಲೆ ಕೂತ ಆ ರಿಪೀಟರ್ ಗುಡ್ಡದ ಈಚೆಯ ಮಾತನ್ನು ಆಚೆಗೆ ದಾಟಿಸುತ್ತದೆ.

ಜಿಎಂಆರ್‌ಎಸ್‌ಗೆ ಲೈಸೆನ್ಸ್ ಬೇಕು. ಪರೀಕ್ಷೆ ಇಲ್ಲ. 35 ಡಾಲರ್ ಕಟ್ಟಿದರೆ 10 ವರ್ಷ ನಡೆಯುತ್ತದೆ. ನಮ್ಮಂಥವರಿಗೆ ಇದರಲ್ಲಿ ಒಂದು ಚೆಂದ ಇದೆ. ಒಬ್ಬರ ಲೈಸೆನ್ಸ್‌ನಲ್ಲೇ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಅಣ್ಣ ತಮ್ಮ, ಚಿಕ್ಕಪ್ಪ, ಅತ್ತೆ ಮಾವ, ಭಾವ ಮೈದುನ ಎಲ್ಲರೂ ಮಾತಾಡಬಹುದು. ಭಾವನಿಗೆ ಬೇರೆ ಲೈಸೆನ್ಸ್ ಬೇಕಾಗಲಿಲ್ಲ. ಪಕ್ಕದ ಮನೆಯವರು ಮಾತ್ರ ತಮ್ಮದೇ ತೆಗೆದುಕೊಂಡರು. ಮಾತಾಡುವಾಗ ನಿಮ್ಮ ಕಾಲ್‌ಸೈನ್, ಅಂದರೆ ಲೈಸೆನ್ಸ್ ಜೊತೆ ಕೊಡುವ ಗುರುತಿನ ಸಂಕೇತ, ಹೇಳುವುದು ನಿಯಮ. ಅದನ್ನು ಪಾಲಿಸಿ. ಇನ್ನೊಂದು ಸಣ್ಣ ವಿಷಯ: 8ರಿಂದ 14ರವರೆಗಿನ ಚಾನೆಲ್‌ಗಳಲ್ಲಿ ಅರ್ಧ ವ್ಯಾಟ್ ಮಾತ್ರ. 5 ವ್ಯಾಟ್ ಸೆಟ್‌ಗೆ ದುಡ್ಡು ಕೊಟ್ಟು 10ನೇ ಚಾನೆಲ್‌ನಲ್ಲಿ ಮಾತಾಡಿದರೆ ಏನು ಪ್ರಯೋಜನ, ಅಲ್ವಾ? 15ರಿಂದ 22ರೊಳಗೆ ಒಂದು ಆರಿಸಿ.

ಮರ್ಸ್ ಅಂತ ಇನ್ನೊಂದಿದೆ. ಐದೇ ಚಾನೆಲ್, 2 ವ್ಯಾಟ್, ಲೈಸೆನ್ಸ್ ಬೇಡ. ಅದು ವಿಎಚ್‌ಎಫ್, ಅಂದರೆ ಅಲೆಯ ಉದ್ದ ಸುಮಾರು 2 ಮೀಟರ್. ಜಿಎಂಆರ್‌ಎಸ್‌ನದು ಯುಎಚ್‌ಎಫ್, 65 ಸೆಂಟಿಮೀಟರ್. ಉದ್ದ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಹೆಚ್ಚು ಬಾಗುತ್ತದೆ, ಒದ್ದೆ ಎಲೆಗಳ ನಡುವೆ ಸ್ವಲ್ಪ ಹೆಚ್ಚು ನುಸುಳುತ್ತದೆ. ಕಾಡೇ ಜಾಸ್ತಿ ಇರುವ ಬೆಟ್ಟದಲ್ಲಿ ಇದು ಒಳ್ಳೆಯ ಆಯ್ಕೆ, ಚಾನೆಲ್‌ನಲ್ಲಿ ಜನವೂ ಕಡಿಮೆ. ನಮಗೆ ಕುಟುಂಬದ ಲೈಸೆನ್ಸ್, ಉದ್ದ ಆಂಟೆನಾ, ರಿಪೀಟರ್ ಮೂರೂ ಒಟ್ಟಿಗೆ ಬೇಕಿತ್ತು. ಅದಕ್ಕೆ ಜಿಎಂಆರ್‌ಎಸ್ ತೆಗೆದುಕೊಂಡೆವು.

ಬಾವ್‌ಫೆಂಗ್ ಯುವಿ-5ಆರ್ ಅನ್ನುವ ಸೆಟ್ ಬಗ್ಗೆಯೂ ಹೇಳಬೇಕು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಬಹಳ ಬೇಟೆಗಾರರ ಸೊಂಟದಲ್ಲಿ ನೇತಾಡುತ್ತದೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಇದ್ದವರು ಹ್ಯಾಮ್ ಬ್ಯಾಂಡ್‌ನಲ್ಲಿ ಬಳಸಲಿ. ಎಫ್‌ಆರ್‌ಎಸ್, ಜಿಎಂಆರ್‌ಎಸ್ ಚಾನೆಲ್‌ಗಳಲ್ಲಿ ಬಳಸಲು ಅದಕ್ಕೆ ಅನುಮತಿ ಇಲ್ಲ. ಹ್ಯಾಮ್ ಪರೀಕ್ಷೆ ಕಷ್ಟವೇನಲ್ಲ, 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಪಾಸ್. ಆದರೆ ಗುಂಪಿನಲ್ಲಿ ಪ್ರತಿಯೊಬ್ಬರೂ ಬರೆಯಬೇಕು.

ಈ ಸೆಟ್‌ಗಳನ್ನು ಊರಿಗೆ ತರುತ್ತೇನೆ, ಚಾರಣಕ್ಕೆ ಆಗುತ್ತದೆ ಅಂದುಕೊಂಡಿದ್ದರೆ ಬೇಡ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ ಬಿಟ್ಟಿರುವುದು 446 ಮೆಗಾಹರ್ಟ್ಜ್ ಜಾಗ. ಅಮೆರಿಕದ ಜಿಎಂಆರ್‌ಎಸ್ ಇರುವುದು 462, 467ರಲ್ಲಿ. ನಮ್ಮೂರಲ್ಲಿ ಅದರ ಗುಂಡಿ ಒತ್ತಿ ಮಾತಾಡಿದರೆ ಕಾನೂನು ಮುರಿದಂತೆ.

ಈಗ ಈ ದೃಶ್ಯ ನೋಡಿ. ಭಾವ ಮಾತಾಡುವಾಗ ಆಂಟೆನಾ ನೆಟ್ಟಗೆ ಮೇಲಕ್ಕಿದೆ, ಸೆಟ್ ಮುಖದ ಮಟ್ಟಕ್ಕೆ ಬಂದಿದೆ. ಸೊಂಟಕ್ಕೆ ಸಿಕ್ಕಿಸಿ ಮೈಕ್‌ನಲ್ಲಿ ಮಾತಾಡಿದರೆ ನಮ್ಮ ದೇಹವೇ ಅರ್ಧ ಅಲೆ ನುಂಗುತ್ತದೆ. ಚೀಲದ ಎದೆಪಟ್ಟಿಗೆ ಎತ್ತರದಲ್ಲಿ ಕಟ್ಟಿಕೊಂಡರೆ ವಾಸಿ.

ಚಳಿ ಇನ್ನೊಂದು ದೊಡ್ಡ ವಿಷಯ. ಸೊನ್ನೆಗಿಂತ ಕೆಳಗೆ ಹೋದರೆ ರೀಚಾರ್ಜ್ ಮಾಡುವ ಬ್ಯಾಟರಿಗಳು ಬೇಗ ಸೋಲುತ್ತವೆ. ಹಾಗಾಗಿ ಎರಡನೇ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿ, ಮೈ ಬಿಸಿಗೆ ಹತ್ತಿರ ಇರಲಿ. ಸಾಮಾನ್ಯ ಡಬಲ್ ಎ ಸೆಲ್ ಹಾಕಿಕೊಳ್ಳುವ ಸೆಟ್ ಆದರೆ, ಒಂದೇ ಸಲ ಬಳಸುವ ಲಿಥಿಯಂ ಸೆಲ್ ಒಯ್ಯಿರಿ. ಅವು ಮೈನಸ್ 40 ಡಿಗ್ರಿಯಲ್ಲೂ ಕೆಲಸ ಮಾಡುವಂತೆ ತಯಾರಾದವು. ಗುಂಡಿಗಳು ದಪ್ಪ ಕೈಗವಸಿನಲ್ಲೂ ಒತ್ತಲು ಬರುತ್ತವಾ ಅಂತ ಅಂಗಡಿಯಲ್ಲೇ ನೋಡಿ. ನೀರು, ಧೂಳಿಗೆ ಐಪಿ67 ಅಂತ ಬರೆದಿದ್ದರೆ ಒಳ್ಳೆಯದು. ಅಂಥದ್ದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಹವಾಮಾನದ ಎನ್‌ಒಎಎ ಚಾನೆಲ್ ಸಿಗುವ ಸೆಟ್ ಆದರೆ ಇನ್ನೂ ಒಳ್ಳೆಯದು, ಹಿಮದ ಎಚ್ಚರಿಕೆ ಮೊದಲೇ ಕೇಳುತ್ತದೆ.

ಗುಂಡಿ ಒತ್ತಿದಾಗಲೂ ಬಿಟ್ಟಾಗಲೂ ಬರುವ ಬೀಪ್ ಸದ್ದುಗಳನ್ನೆಲ್ಲ ಮನೆಯಲ್ಲೇ ಬಂದ್ ಮಾಡಿಬಿಡಿ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿ. ಇನ್ನೊಂದು ಕಿವಿ ಕಾಡಿಗೆ ಬೇಕು. ಪ್ರೈವೆಸಿ ಕೋಡ್ ಅಂತ ಮಾರುತ್ತಾರಲ್ಲ, ಅದು ಬೇರೆಯವರ ಮಾತು ನಿಮಗೆ ಕೇಳದಂತೆ ಮಾಡುತ್ತದೆ ಅಷ್ಟೇ. ನಿಮ್ಮ ಮಾತು ಎಲ್ಲರಿಗೂ ಕೇಳಿಸುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ ಈಗ ಬರುತ್ತದೆ. ಅಂಚಿನ ಮೇಲೆ ಕೂತವರು ದುರ್ಬೀನಿನಲ್ಲಿ ಎಲ್ಕ್ ನೋಡಿ, ಕೆಳಗಿನವರಿಗೆ ಎಡಕ್ಕೆ ಹೋಗು, ಮರದ ಹಿಂದಿದೆ ಅಂತ ರೇಡಿಯೊದಲ್ಲಿ ದಾರಿ ಹೇಳಬಹುದಾ? ಮೊಂಟಾನಾ, ಅಲಾಸ್ಕಾದಂಥ ರಾಜ್ಯಗಳಲ್ಲಿ ಇದು ಕಾನೂನಿಗೆ ವಿರುದ್ಧ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಹಾಗಾಗಿ ಆ ವರ್ಷದ ಬೇಟೆ ಪುಸ್ತಿಕೆ ಓದಿಯೇ ಹೊರಡಿ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಹುಟ್ಟುಹಾಕಿದ ಬೇಟೆಗಾರರ ಸಂಘ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕೂಡ ಹೀಗೆ ರೇಡಿಯೊದ ದಾರಿ ಹಿಡಿದು ಹೊಡೆದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸುವುದಿಲ್ಲ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಲೇಬೇಕು ಅನ್ನುವುದು ಅವರ ನಿಲುವು. ನಮ್ಮದೂ ಅದೇ. ಕಾನೂನು ಬಿಟ್ಟರೂ ನಾವು ಪ್ರಾಣಿ ಎಲ್ಲಿದೆ ಅಂತ ರೇಡಿಯೊದಲ್ಲಿ ಹೇಳುವುದಿಲ್ಲ. ನಾನೆಲ್ಲಿದ್ದೇನೆ, ಕ್ಷೇಮ ಇದ್ದೇನೆ, ಮಾಂಸ ಹೊರಲು ಬನ್ನಿ, ಇಷ್ಟೇ ಮಾತು.

ಅದಕ್ಕೆ ದಿನಕ್ಕೆ ಮೂರು ಹೊತ್ತು ಗೊತ್ತು ಮಾಡಿಕೊಂಡಿದ್ದೇವೆ: ಬೆಳಗ್ಗೆ 10, ಮಧ್ಯಾಹ್ನ 1, ಸಂಜೆ 4. ಆ ಹೊತ್ತಿಗೆ ಎಲ್ಲರೂ ಎತ್ತರದ ಜಾಗಕ್ಕೆ ಬಂದು ಐದು ನಿಮಿಷ ಸೆಟ್ ಹಾಕುತ್ತೇವೆ. ಉಳಿದ ಸಮಯ ಆಫ್, ಬ್ಯಾಟರಿಯೂ ಉಳಿಯುತ್ತದೆ. ಚಾನೆಲ್, ಕೋಡ್, ಹೊತ್ತು ಮೂರನ್ನೂ ಟೇಪಿನ ಮೇಲೆ ಬರೆದು ಸೆಟ್ ಹಿಂದೆ ಅಂಟಿಸಿದ್ದೇವೆ. ಒಬ್ಬರು 1 ಗಂಟೆಗೆ ಸಿಗದಿದ್ದರೆ ಗಾಬರಿ ಬೇಡ, ಕಣಿವೆಯಲ್ಲಿರಬಹುದು. 4ಕ್ಕೂ ಸಿಗದಿದ್ದರೆ ಉಳಿದಿಬ್ಬರು ಅಂಚಿಗೆ ಹತ್ತಿ ಮತ್ತೆ ಕೂಗುತ್ತೇವೆ. ಆಗಲೂ ಉತ್ತರ ಬರದಿದ್ದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ನಮ್ಮಲ್ಲಿದೆ. ಅದರ ಎಸ್‌ಒಎಸ್ ಕರೆ ಕಂಪನಿಯ ತುರ್ತು ಕೇಂದ್ರದ ಮೂಲಕ ಇಲ್ಲಿನ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರ, ಕಚೇರಿಗೆ ತಲುಪುತ್ತದೆ, ಕೊಲೊರಾಡೊದಲ್ಲಿ ಬೆಟ್ಟದಲ್ಲಿ ಕಾಣೆಯಾದವರನ್ನು ಹುಡುಕಿಸುವ ಹೊಣೆ ಅವರದೇ. ಒಬ್ಬೊಬ್ಬರೇ ಹೋಗುವುದಾದರೆ ವಾಕಿಟಾಕಿಗಿಂತ ಮೊದಲು ಅದನ್ನೇ ಕೊಳ್ಳಿ.