ಮನೆಯ ಹಿರಿಯರ ನಾಡಿ ನೋಡೋದು ಹೆಂಗೆ

ಎಲ್ಲರಿಗೂ ನಮಸ್ಕಾರ ರೀ. ಕುಂದವಾಡ ಕೆರೆ ಸುತ್ತು ಹಾಕ್ಕೊಂಡು ಸೀದಾ ಇಲ್ಲಿಗೇ ಬಂದೋರು ಸುಮಾರು ಜನ ಇದೀರಿ, ಹಂಗಾಗಿ ಈಗ್ಲೇ ಯಾರೂ ಪಲ್ಸ್ ನೋಡ್ಕೋಬೇಡಿ, ನಡ್ಕೊಂಡು ಬಂದಾಗಿನ ಲೆಕ್ಕ ನಮಗೆ ಬೇಡ. 5 ನಿಮಿಷ ಸುಮ್ನೆ ಕೂತು, ಕಾಫಿ-ಟೀ ಕುಡಿದಿದ್ರೆ ಅರ್ಧ ಗಂಟೆ ಬಿಟ್ಟು ನೋಡ್ಬೇಕು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋಕೆ ಮುಂಚೆ ನೋಡಿದ್ರೆ ಇನ್ನೂ ಒಳ್ಳೇದು.

ಕೈ ಅಂಗಾತ ಇಡಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಲ್ಲಿ ತೋರುಬೆರಳು ಮಧ್ಯದ ಬೆರಳು ಎರಡೂ ಇಟ್ಟು ಮೆತ್ತಗೆ ಒತ್ತಿ. ಹೆಬ್ಬೆರಳು ಬೇಡ, ಅದರೊಳಗೂ ನಾಡಿ ಐತೆ, ಅಜ್ಜಿದು ಬಿಟ್ಟು ನಿಮ್ದೇ ಎಣಿಸ್ತಾ ಕೂರ್ತೀರಿ! ವಯಸ್ಸಾದೋರಲ್ಲಿ ಜಾಸ್ತಿ ಒತ್ತಿದ್ರೆ ಬಡಿತಾನೇ ಸಿಗಲ್ಲ. 15 ಸೆಕೆಂಡ್ ಎಣಿಸಿ ನಾಕರಿಂದ ಗುಣಿಸೋ ಶಾರ್ಟ್‌ಕಟ್ಟು ಹಿರಿಯರಿಗೆ ಬೇಡ ಅಂತೀನಿ ನಾನು, ಪೂರ್ತಿ 60 ಸೆಕೆಂಡ್ ಎಣಿಸಿ, ಯಾಕಂದ್ರೆ ಎಷ್ಟು ಬಡೀತು ಅನ್ನೋದರ ಜೊತೆಗೆ ಹೆಂಗೆ ಬಡೀತು ಅನ್ನೋದೂ ಬೇಕು. ಒಂದು ಬೇಗ, ಒಂದು ತಡ, ಮಧ್ಯೆ ಒಂದು ಮಾಯ, ಹಿಂಗೆ ತಾಳ ತಪ್ಪಿದಂಗೆ ಇದ್ರೆ ಡಾಕ್ಟರ್ ಹತ್ರ ಇಸಿಜಿ ಮಾಡಿಸ್ಲೇಬೇಕು. ಏಟ್ರಿಯಲ್ ಫಿಬ್ರಿಲೇಷನ್ ಅಂತ ಹೃದಯದ ತಾಳ ತಪ್ಪೋ ಕಾಯಿಲೆ ಒಂದೈತೆ, ವಯಸ್ಸಾದಂಗೆ ಜಾಸ್ತಿ, ಕೆಲವರಿಗೆ ಏನೂ ಗೊತ್ತೇ ಆಗಲ್ಲ, ಆದ್ರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಲಕ್ವ.

ಕೊರೊನಾ ಟೈಮಲ್ಲಿ ಕೊಂಡ ಬೆರಳಿನ ಮಷೀನು ಇನ್ನೂ ಎಷ್ಟೋ ಮನೇಲೈತೆ. ಅದರಲ್ಲಿ ಎರಡು ನಂಬರ್ ಬರ್ತಾವೆ, ಪರ್ಸೆಂಟ್ ಗುರ್ತಿರೋದು ಆಕ್ಸಿಜನ್, ಇನ್ನೊಂದು ಪಲ್ಸ್. 98 ನೋಡಿ ಎದೆಬಡಿತ ಜಾಸ್ತಿ ಆತು ಅಂತ ಗಾಬರಿ ಬೀಳೋರಿದಾರೆ.

ಇನ್ನು ನಾರ್ಮಲ್ ಎಷ್ಟು? ದೊಡ್ಡೋರಿಗೆ ನಿಮಿಷಕ್ಕೆ 60ರಿಂದ 100, ವಯಸ್ಸಾತು ಅಂತ ಇದು ಬೇರೆ ಆಗಲ್ಲ. ಆದ್ರೆ ನಿಮ್ಮ ಅಪ್ಪಂದು ಯಾವಾಗ್ಲೂ 64 ಇದ್ದು, ಈಗ ದಿನಾ 90 ತೋರಿಸ್ತಿದ್ರೆ, ನಾರ್ಮಲ್ಲೇ ಅಲ್ವಾ ಅಂತ ಸುಮ್ನಾಗ್ಬೇಡಿ. ಜ್ವರ, ಮೈಯಲ್ಲಿ ನೀರು ಕಮ್ಮಿ ಆಗಿರೋದು, ರಕ್ತ ಕಮ್ಮಿ, ಥೈರಾಯ್ಡ್, ಏನೋ ಒಂದಿರಬಹುದು. ಅದಕ್ಕೇ ಚೆನ್ನಾಗಿದ್ದಾಗಲೇ ಕ್ಯಾಲೆಂಡರ್ ಮೇಲೆ ಬರೆದಿಡಿ ಅನ್ನೋದು.

ನಾಡಿ ಬಡಿತ ಕಮ್ಮಿ ಇದ್ರೆ ಮೊದ್ಲು ಮಾತ್ರೆ ಡಬ್ಬಿ ತೆಗೀರಿ. ಬಿಪಿಗೆ, ಹಾರ್ಟಿಗೆ ಕೊಡೋ ಮೆಟೊಪ್ರೊಲಾಲ್, ಅಟೆನೊಲಾಲ್ ತರದ ಮಾತ್ರೆ (ಬೀಟಾ ಬ್ಲಾಕರ್ ಅಂತಾರೆ) ಬಡಿತ ಇಳಿಸ್ತಾವೆ, ಇವನ್ನ ತಗೊಳ್ಳೋರಿಗೆ ಜ್ವರ ಬಂದ್ರೂ ನಾಡಿ ಅಷ್ಟು ಏರದೇ ಇರಬಹುದು. ಗ್ಲಾಕೋಮಾಗೆ, ಅಂದ್ರೆ ಕಣ್ಣಿನ ನರ ಹಾಳಾಗೋ ಕಾಯಿಲೆಗೆ ಹಾಕೋ ಟಿಮೊಲಾಲ್ ಕಣ್ಣಿನ ಡ್ರಾಪ್ಸೂ ಬಡಿತ ಇಳಿಸಬಹುದು, ಕಣ್ಣಿನ ಔಷಧಿ ಅಲ್ವಾ ಅಂತ ಯಾರೂ ಡಾಕ್ಟರಿಗೆ ಹೇಳೋದೇ ಇಲ್ಲ. 50ಕ್ಕಿಂತ ಕೆಳಗಿದ್ದು ತಲೆಸುತ್ತು, ಕಣ್ಣು ಕತ್ತಲೆ, ಸುಸ್ತು ಇದ್ರೆ ಅವತ್ತೇ ತೋರಿಸಿ. ಎದೆನೋವು, ಉಸಿರಾಡೋಕೆ ಕಷ್ಟ, ಎಚ್ಚರ ತಪ್ಪೋದು ಆದ್ರೆ ನಾಡಿ ಎಣಿಸ್ತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ. ಹಂಗಂತ ಪಲ್ಸ್ ಕಮ್ಮಿ ಬಂತು ಅಂತ ಮನೇಲೇ ತೀರ್ಮಾನ ಮಾಡಿ ಬಡಿತ ಇಳಿಸೋ ಆ ಮಾತ್ರೆ ನಿಲ್ಲಿಸ್ಬೇಡಿ, ಬೀಟಾ ಬ್ಲಾಕರ್ ಏಕಾಏಕಿ ಬಿಟ್ರೆ ಬಡಿತ, ಬಿಪಿ ಎರಡೂ ಜೋರಾಗಿ ಏರಬಹುದು, ಹಾರ್ಟ್ ತೊಂದ್ರೆ ಇರೋರಿಗೆ ಅಟ್ಯಾಕೂ ಆಗಬಹುದು. ಡೋಸ್ ಕಮ್ಮಿ ಮಾಡೋದನ್ನ ಬರೆದುಕೊಟ್ಟ ಡಾಕ್ಟರೇ ಮಾಡ್ಬೇಕು.